ಕಬ್ಬಿನ ಸಿಪ್ಪೆಯಿಂದ ಮೋಟಾರಿನ ಇಂಧನ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಮದ್ದೂರನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಸೋಮನಹಳ್ಳಿ ಎಂಬ ಊರು ಸಿಗುತ್ತದೆ. ಇಲ್ಲಿಂದ ಮುಂದಕ್ಕೆ ಮಂಡ್ಯದ ಕಡೆಗೆ ಸಾಗಿದಂತೆಲ್ಲ ಕಬ್ಬು, ಬತ್ತ, ತೆಂಗುಗಳ ನೀರಾವರಿ ಸೀಮೆ ಕಣ್ಣಿಗೆ ಬೀಳುತ್ತದೆ. ರಸ್ತೆಯ ಮೇಲೆ ಓಡುವ ಮೋಟಾರುಗಳಿಗೂ ರಸ್ತೆಯ ಆಚೆ ಬೆಳೆಯುವ ಕಬ್ಬಿಗೂ ಏನು ಸಂಬಂಧವೆಂದು ಕೇಳಿದರೆ, ಹಿಂದಿನ ಕಾಲದವರು ಬಹುಶಃ ನಗುತ್ತಿದ್ದರು. ಇಂದು ಆ ಸಂಬಂಧ ಬಲು ಹತ್ತಿರದ್ದು. ಮೋಟಾರಿನ ತೊಟ್ಟಿಯಲ್ಲಿರುವ ಪೆಟ್ರೋಲಿನಲ್ಲಿ ಒಂದು ಪಾಲು ಈಗ ಹೊಲದಿಂದಲೇ ಬಂದದ್ದು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಂತೆ ಎಥನಾಲ್ ಬೆರೆಸುವ ಗುರಿಯನ್ನು ಮುಟ್ಟಲಾಯಿತೆಂದು ಭಾರತ ಸರಕಾರವು ಪ್ರಕಟಿಸಿತು. ಎಥನಾಲ್ ಎಂದರೆ ಬೇರೇನೂ ಅಲ್ಲ. ನಮ್ಮ ಹಿರಿಯರು ಮದ್ಯಸಾರವೆಂದು ಕರೆಯುತ್ತಿದ್ದ ವಸ್ತುವೇ ಅದು.

ಈ ಮದ್ಯಸಾರವನ್ನು ಇಂದು ಹೆಚ್ಚಾಗಿ ಕಾಕಂಬಿ, ಕಬ್ಬಿನ ಹಾಲು, ಮುಸುಕಿನ ಜೋಳ, ಅಕ್ಕಿ ಇವುಗಳಿಂದ ತಯಾರಿಸುತ್ತಾರೆ. ಇವೆಲ್ಲ ಮನುಷ್ಯನಿಗೋ ದನಕರುಗಳಿಗೋ ಆಹಾರವಾಗಬಲ್ಲ ವಸ್ತುಗಳು. ಹೊಟ್ಟೆಗೆ ಸೇರಬೇಕಾದದ್ದನ್ನು ಎಂಜಿನ್ನಿಗೆ ಸುರಿಯುವುದು ಎಷ್ಟರ ಮಟ್ಟಿಗೆ ಸರಿ ಎಂಬ ಪ್ರಶ್ನೆ ಆದುದರಿಂದ ಏಳುತ್ತದೆ. ತಿನ್ನಲಾಗದ ಸಿಪ್ಪೆ, ತರಗು, ದಂಟುಗಳಿಂದಲೇ ಇಂಧನವನ್ನು ಪಡೆಯಲು ಸಾಧ್ಯವಾದರೆ ಈ ಇಕ್ಕಟ್ಟು ಕಳೆಯುವುದಲ್ಲವೆ? ಈ ಕೆಲಸಕ್ಕಾಗಿ ವಿಜ್ಞಾನಿಗಳು ಕಣ್ಣಿಗೆ ಕಾಣದ ಕೆಲವು ಜೀವಿಗಳಿಗೆ ಹೊಸ ವಿದ್ಯೆಯನ್ನು ಕಲಿಸಿದ್ದಾರೆ. ಆ ವಿದ್ಯೆ ಯಾವುದು, ಅದು ಎಲ್ಲಿಯವರೆಗೆ ಬಂದಿದೆ, ಮಂಡ್ಯದ ರೈತನಿಗೆ ಅದರಿಂದ ಆಗಬಹುದಾದುದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮಂಡ್ಯದ ಸಕ್ಕರೆ, ಮಂಡ್ಯದ ಮದ್ಯಸಾರ

ಮಂಡ್ಯದ ಸೀಮೆ ಹಿಂದೆ ಮಳೆಯನ್ನೇ ನಂಬಿದ್ದ ರಾಗಿಯ ನಾಡು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಮುಗಿದು, ಇರ್ವಿನ್ ನಾಲೆಯಲ್ಲಿ ಕಾವೇರಿಯ ನೀರು ಹರಿದ ಮೇಲೆ ನೆಲದ ರೂಪವೇ ಬದಲಾಯಿತು. ಇದೇ ನಾಲೆಯನ್ನು ನಾವು ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ನೀರು ಬಂದ ಕಡೆ ಕಬ್ಬು ಬಂತು. ಕಬ್ಬು ಬಂದ ಕಡೆ ಅದನ್ನು ಅರೆಯುವ ಕಾರ್ಖಾನೆ ಬೇಕಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಬೇಸಾಯದ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್‌ಮನ್ನರ ಪ್ರಯತ್ನದ ಫಲವಾಗಿ, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಹುಟ್ಟಿತು. ಅದರ ಬೆನ್ನಿಗೆ ಕಾಕಂಬಿಯಿಂದ ಮದ್ಯಸಾರವನ್ನು ಭಟ್ಟಿಯಿಳಿಸುವ ಕಾರ್ಖಾನೆಯೂ ಬಂತು. ಕೆಲವು ಹಂಗಾಮುಗಳು ನಿಂತುಹೋಗಿದ್ದ ಈ ಸಕ್ಕರೆ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ನುರಿಯತೊಡಗಿತು. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿಯೂ ಭಾರತೀನಗರವೆಂದು ಹೆಸರಾದ ಕೆ.ಎಂ. ದೊಡ್ಡಿಯಲ್ಲಿಯೂ ಬೇರೆ ಸಕ್ಕರೆ ಕಾರ್ಖಾನೆಗಳಿವೆ.

ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರೆಸುವ ಯೋಚನೆಯೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ, ಬಸ್ಸುಗಳ ಹಿಂದೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಓಡಿಸಿದ ಸಂಗತಿಯನ್ನು ಹಿರಿಯರಿಂದ ಕೇಳಿದವರು ಅನೇಕರಿದ್ದಾರೆ. ಆ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, 1948ರಲ್ಲಿ, ಇಂಧನ ಮದ್ಯಸಾರವನ್ನು ಕುರಿತ ಒಂದು ಶಾಸನವೇ ದೇಶದಲ್ಲಿ ಜಾರಿಗೆ ಬಂತು. ಬಳಿಕ ಅಗ್ಗದ ಎಣ್ಣೆಯ ಪ್ರವಾಹದಲ್ಲಿ ಈ ವಿಚಾರ ಹಿಂದಕ್ಕೆ ಸರಿಯಿತು. 1973ರಲ್ಲಿ ಎಣ್ಣೆಯ ಬೆಲೆ ಹಠಾತ್ತನೆ ಏರಿದಾಗ ಬ್ರೆಜಿಲ್ ದೇಶವು ಎಚ್ಚೆತ್ತು, 1975ರಲ್ಲಿ ಕಬ್ಬಿನ ಮದ್ಯಸಾರದಿಂದಲೇ ಮೋಟಾರುಗಳನ್ನು ಓಡಿಸುವ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಿತು. ನಮ್ಮಲ್ಲಿ ಬೆರಕೆಯ ಕಾರ್ಯಕ್ರಮ 2003ರಲ್ಲಿ ಆರಂಭವಾಯಿತು. 2022ರಲ್ಲಿ ನೂರಕ್ಕೆ ಹತ್ತರ ಮಟ್ಟವನ್ನು ಮುಟ್ಟಿತು.

ಹುದುಗುವಿಕೆಯ ಲೆಕ್ಕ

ದೋಸೆಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬುವುದನ್ನೂ ಈಚಲಿನ ನೀರಾ ಬಿಸಿಲೇರುವುದರೊಳಗೆ ಹೆಂಡವಾಗುವುದನ್ನೂ ಎಲ್ಲರೂ ಬಲ್ಲರು. ಇವು ಬರಿಯ ರಾಸಾಯನಿಕ ಬದಲಾವಣೆಗಳಲ್ಲ, ಜೀವಿಗಳ ಕಾರ್ಯವೆಂದು ಫ್ರಾನ್ಸಿನ ಲೂಯಿ ಪಾಸ್ತರನು 1857ರಿಂದ ಮೊದಲ್ಗೊಂಡು ತೋರಿಸಿಕೊಟ್ಟನು. ಗಾಳಿಯ ಆಮ್ಲಜನಕ ದೊರೆಯದ ಕಡೆ ಸಕ್ಕರೆಯನ್ನು ಅರ್ಧಂಬರ್ಧವಾಗಿ ಒಡೆದು ತಮ್ಮ ಬಾಳಿಗೆ ಬೇಕಾದ ಶಕ್ತಿಯನ್ನು ಗಳಿಸುವುದೇ ಹುದುಗುವಿಕೆ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರನು ಯೀಸ್ಟನ್ನು ಅರೆದು ಹಿಂಡಿದ ರಸವೂ, ಜೀವಕೋಶಗಳಿಲ್ಲದೆಯೇ, ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವುದನ್ನು ಕಂಡನು. ಜೀವಿಗಳ ಒಳಗೆ ಈ ಕೆಲಸವನ್ನು ಮಾಡುವ ವಸ್ತುಗಳು ಕಿಣ್ವಗಳೆಂದು ಇದರಿಂದ ತಿಳಿದುಬಂತು.

ಈ ವ್ಯಾಪಾರದ ಲೆಕ್ಕ ಸರಳವಾದುದು. ಗ್ಲೂಕೋಸ್ ಸಕ್ಕರೆಯ ಒಂದು ಅಣು ಒಡೆದು ಮದ್ಯಸಾರದ ಎರಡು ಅಣುಗಳೂ ಇಂಗಾಲದ ಡೈಆಕ್ಸೈಡಿನ ಎರಡು ಅಣುಗಳೂ ಆಗುತ್ತವೆ. ತೂಕದಲ್ಲಿ ಹೇಳುವುದಾದರೆ 180 ಗ್ರಾಂ ಸಕ್ಕರೆಯಿಂದ 92 ಗ್ರಾಂ ಮದ್ಯಸಾರವೂ 88 ಗ್ರಾಂ ಅನಿಲವೂ ದೊರೆಯಬೇಕು. ಸಕ್ಕರೆಯ ಅರ್ಧ ತೂಕ ಗಾಳಿಗೆ ಹೋಯಿತಲ್ಲ ಎಂದು ಮರುಗಬೇಕಾಗಿಲ್ಲ. ಸಕ್ಕರೆಯನ್ನು ಉರಿಸಿದರೆ ಎಷ್ಟು ಶಾಖ ಬರುವುದೋ ಅದರಲ್ಲಿ ನೂರಕ್ಕೆ 97 ಪಾಲು ಆ ಉಳಿದರ್ಧದಲ್ಲಿಯೇ ಇರುತ್ತದೆ. ಜೀವಿಯು ತನಗೆಂದು ಇಟ್ಟುಕೊಳ್ಳುವುದು ಅತ್ಯಲ್ಪ. ಇಂಧನವನ್ನು ಬಯಸುವ ಮನುಷ್ಯನಿಗೆ ಇದಕ್ಕಿಂತ ಉದಾರವಾದ ಕೂಲಿಯಾಳು ಸಿಕ್ಕುವುದು ಕಷ್ಟ.

ಹುದುಗಿದ ರಸವನ್ನು ಭಟ್ಟಿಯಿಳಿಸಿದರೆ ನೂರಕ್ಕೆ 95ರಷ್ಟು ಶುದ್ಧವಾದ ಮದ್ಯಸಾರ ದೊರೆಯುತ್ತದೆ. ಉಳಿದ ನೀರು ಎಷ್ಟು ಕುದಿಸಿದರೂ ಬಿಟ್ಟುಹೋಗದು. ನೀರು ಉಳಿದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಿದರೆ ಎರಡೂ ಬೇರೆ ಬೇರೆ ಪದರಗಳಾಗುವ ಸಂಭವವಿರುವುದರಿಂದ, ಅತಿ ಸೂಕ್ಷ್ಮವಾದ ರಂಧ್ರಗಳುಳ್ಳ ಖನಿಜದ ಗುಳಿಗೆಗಳ ನಡುವೆ ಆವಿಯನ್ನು ಹಾಯಿಸಿ ಕಡೆಯ ನೀರನ್ನೂ ಹೀರಿಸಬೇಕು. ಇಷ್ಟಾದರೂ ಒಂದು ಲೀಟರು ಮದ್ಯಸಾರದಲ್ಲಿರುವ ಶಾಖ ಒಂದು ಲೀಟರು ಪೆಟ್ರೋಲಿನ ಶಾಖದ ಮೂರರಲ್ಲಿ ಎರಡು ಪಾಲು ಮಾತ್ರ ಎಂಬುದನ್ನು ಮರೆಯಬಾರದು.

ಸಿಪ್ಪೆಯಲ್ಲಿ ಅಡಗಿದ ಸಕ್ಕರೆ

ಒಂದು ಟನ್ನು ಕಬ್ಬನ್ನು ಕಾರ್ಖಾನೆಯಲ್ಲಿ ನುರಿಸಿದರೆ ಸುಮಾರು 100 ಕಿಲೋ ಸಕ್ಕರೆ, 45 ಕಿಲೋ ಕಾಕಂಬಿ ಮತ್ತು 300 ಕಿಲೋ ಹಸಿ ಸಿಪ್ಪೆ ಸಿಗುತ್ತದೆ. ಸಿಪ್ಪೆಯ ತೂಕದಲ್ಲಿ ಅರ್ಧ ನೀರು. ಒಣಗಿಸಿದರೆ ಉಳಿಯುವುದು 150 ಕಿಲೋ. ಕಾಕಂಬಿಯಿಂದ ಬರುವ ಮದ್ಯಸಾರ ಸುಮಾರು ಹತ್ತು ಲೀಟರು. ಒಣ ಸಿಪ್ಪೆಯಿಂದ ಎಷ್ಟು ಬರಬಹುದು?

ಕಬ್ಬಿನ ಸಿಪ್ಪೆಯನ್ನು ಮೂರು ವಸ್ತುಗಳು ಸೇರಿ ಕಟ್ಟಿವೆ. ಅದರ ತೂಕದಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಷ್ಟು ಸೆಲ್ಯುಲೋಸ್ ಇದೆ. ಹತ್ತಿಯ ನೂಲೂ ಕಾಗದವೂ ಆಗಿರುವ ವಸ್ತು ಇದೇ. ಸಾವಿರಾರು ಗ್ಲೂಕೋಸ್ ಅಣುಗಳು ಸರಪಣಿಯಂತೆ ಕೊಂಡಿಕೊಂಡು ಸೆಲ್ಯುಲೋಸ್ ಆಗಿರುತ್ತದೆ. ನೂರಕ್ಕೆ ಸುಮಾರು 25 ಪಾಲು ಹೆಮಿಸೆಲ್ಯುಲೋಸ್. ಇದೂ ಸಕ್ಕರೆಯ ಸರಪಣಿಯೇ. ಆದರೆ ಇದರ ಮುಖ್ಯ ಕೊಂಡಿ ಗ್ಲೂಕೋಸ್ ಅಲ್ಲ, ಕ್ಸೈಲೋಸ್ ಎಂಬ ಬೇರೊಂದು ಸಕ್ಕರೆ. ಗ್ಲೂಕೋಸಿನಲ್ಲಿ ಆರು ಇಂಗಾಲದ ಪರಮಾಣುಗಳಿದ್ದರೆ ಕ್ಸೈಲೋಸಿನಲ್ಲಿ ಐದು. ಮೂರನೆಯದಾದ ಲಿಗ್ನಿನ್ ಸಕ್ಕರೆಯಲ್ಲ. ಇಟ್ಟಿಗೆಗಳ ನಡುವಣ ಗಾರೆಯಂತೆ ಎಲ್ಲವನ್ನೂ ಬಿಗಿಯಾಗಿ ಹಿಡಿದಿರುವ ಪದಾರ್ಥ.

ಈಗ ಲೆಕ್ಕ ಹಾಕಬಹುದು. ಒಂದು ಟನ್ನು ಒಣ ಸಿಪ್ಪೆಯಲ್ಲಿರುವ ಸೆಲ್ಯುಲೋಸೆಲ್ಲ ಮದ್ಯಸಾರವಾದರೆ ಸುಮಾರು 290 ಲೀಟರು, ಹೆಮಿಸೆಲ್ಯುಲೋಸೆಲ್ಲ ಮಾರ್ಪಟ್ಟರೆ ಸುಮಾರು 180 ಲೀಟರು, ಒಟ್ಟು 470. ಒಂದು ಟನ್ನು ಕಬ್ಬಿನ 150 ಕಿಲೋ ಸಿಪ್ಪೆಗೆ ಇದು 70 ಲೀಟರಾಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಕಾರ್ಖಾನೆಯಲ್ಲಿ ಅರ್ಧವೇ ಕೈಗೆ ಹತ್ತಿತೆಂದರೂ 35 ಲೀಟರು; ಎಂದರೆ ಕಾಕಂಬಿಯಿಂದ ಬರುವುದರ ಮೂರು ಪಟ್ಟಿಗೂ ಮಿಗಿಲು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಿಪ್ಪೆಯಿಂದ ಬರಬಹುದಾದ ಮದ್ಯಸಾರದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕ್ಸೈಲೋಸಿನಂಥ ಐದು ಇಂಗಾಲದ ಸಕ್ಕರೆಯಿಂದಲೇ ಬರಬೇಕು.

ತೊಡಕು ಇರುವುದು ಇಲ್ಲಿಯೇ. ಸಾವಿರಾರು ವರ್ಷಗಳಿಂದ ಮನುಷ್ಯನ ಸೇವೆಯಲ್ಲಿರುವ ಯೀಸ್ಟು ಗ್ಲೂಕೋಸನ್ನು ಬಲು ಪ್ರೀತಿಯಿಂದ ಹುದುಗಿಸುತ್ತದೆ. ಕ್ಸೈಲೋಸನ್ನು ಮಾತ್ರ ಹುದುಗಿಸಲು ಅರಿಯದು. ಊಟದ ಎಲೆಯಲ್ಲಿ ಅನ್ನವನ್ನು ಉಂಡು ಮುದ್ದೆಯನ್ನು ಹಾಗೆಯೇ ಬಿಟ್ಟೇಳುವ ಅತಿಥಿಯಂತೆ ಅದರ ನಡತೆ. ಐದರಲ್ಲಿ ಎರಡು ಪಾಲನ್ನು ಚರಂಡಿಗೆ ಬಿಟ್ಟು ಯಾವ ಕಾರ್ಖಾನೆಯೂ ಬಾಳಲಾರದು.

ಎರಡು ಬ್ಯಾಕ್ಟೀರಿಯಾಗಳ ಕಥೆ

ನಿಸರ್ಗದಲ್ಲಿ ಕ್ಸೈಲೋಸನ್ನು ತಿನ್ನುವ ಜೀವಿಗಳಿಗೆ ಬರವಿಲ್ಲ. ಅವುಗಳಲ್ಲಿ ಎಲ್ಲರಿಗಿಂತ ಪರಿಚಿತವಾದುದು ಎಷರೀಷಿಯ ಕೋಲಿ. 1885ರಲ್ಲಿ ಜರ್ಮನಿಯ ವೈದ್ಯ ಥಿಯೋಡೋರ್ ಎಷರಿಷನು ಇದನ್ನು ಕಂಡುಹಿಡಿದನು. ಮನುಷ್ಯನ ಕರುಳಿನಲ್ಲಿ ವಾಸಿಸುವ ಈ ಬ್ಯಾಕ್ಟೀರಿಯಾ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉದ್ದದ ಕಡ್ಡಿ. ಒಳ್ಳೆಯ ಆಹಾರ, ಹಿತವಾದ ಶಾಖ ದೊರೆತರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹೀಗೆಯೇ ಎಂಟು ಗಂಟೆ ನಡೆದರೆ ಒಂದು ಕೋಶದ ಸಂತತಿ ಒಂದೂವರೆ ಕೋಟಿಯನ್ನು ಮೀರುತ್ತದೆ. ಗ್ಲೂಕೋಸ್, ಕ್ಸೈಲೋಸ್ ಎಂಬ ಭೇದವಿಲ್ಲದೆ ಎಲ್ಲ ಸಕ್ಕರೆಯನ್ನೂ ಇದು ತಿನ್ನುತ್ತದೆ. ಆದರೆ ತಿಂದುದನ್ನು ಮದ್ಯಸಾರ ಮಾಡುವುದರಲ್ಲಿ ಇದಕ್ಕೆ ಆಸಕ್ತಿ ಕಡಿಮೆ. ಲ್ಯಾಕ್ಟಿಕ್, ಅಸಿಟಿಕ್, ಫಾರ್ಮಿಕ್ ಮುಂತಾದ ಆಮ್ಲಗಳೇ ಹೆಚ್ಚಾಗಿ ಹುಟ್ಟಿ, ಜೊತೆಯಲ್ಲಿ ಸ್ವಲ್ಪ ಮದ್ಯಸಾರ ಬರುತ್ತದೆ.

ಎರಡನೆಯ ಬ್ಯಾಕ್ಟೀರಿಯಾ ಝೈಮೊಮೊನಾಸ್ ಮೊಬಿಲಿಸ್. ಮೆಕ್ಸಿಕೋ ದೇಶದ ಜನರು ಕತ್ತಾಳೆಯ ಜಾತಿಯ ಗಿಡದ ರಸದಿಂದ ತಯಾರಿಸುವ ಪುಲ್ಕೆ ಎಂಬ ಪಾನೀಯದಲ್ಲಿ ಜರ್ಮನಿಯ ಪಾಲ್ ಲಿಂಡ್ನರನು 1920ರ ದಶಕದಲ್ಲಿ ಇದನ್ನು ಗುರುತಿಸಿದನು. ಉಷ್ಣವಲಯದಲ್ಲಿ ತಾಳೆಯ ಜಾತಿಯ ಮರಗಳಿಂದ ಇಳಿಸುವ ಹೆಂಡದಲ್ಲಿಯೂ ಇದು ಇರುತ್ತದೆ. ಮದ್ಯಸಾರವನ್ನು ತಯಾರಿಸುವುದರಲ್ಲಿ ಇದು ಯೀಸ್ಟನ್ನೂ ಮೀರಿಸಬಲ್ಲದು. ಒಂದು ಗ್ಲೂಕೋಸ್ ಅಣುವಿನಿಂದ ಯೀಸ್ಟು ಗಳಿಸುವ ಶಕ್ತಿಯಲ್ಲಿ ಅರ್ಧವನ್ನು ಮಾತ್ರ ಇದು ಗಳಿಸುವುದರಿಂದ, ತನ್ನ ಮೈ ಬೆಳೆಸಿಕೊಳ್ಳಲು ವ್ಯಯಮಾಡುವ ಸಕ್ಕರೆಯೂ ಕಡಿಮೆ. ಆದರೆ ಇದಕ್ಕೂ ಕ್ಸೈಲೋಸ್ ಬೇಡ. ಹೀಗೆ ಒಂದಕ್ಕೆ ತಿನ್ನುವ ಶಕ್ತಿ ಉಂಟು, ಮಾಡುವ ವಿದ್ಯೆ ಇಲ್ಲ. ಇನ್ನೊಂದಕ್ಕೆ ಮಾಡುವ ವಿದ್ಯೆ ಉಂಟು, ತಿನ್ನುವ ಶಕ್ತಿ ಇಲ್ಲ.

ತೂಬನ್ನು ತಿರುಗಿಸಿದ ಬಗೆ

ಜೀವಿಯೊಂದರ ಪ್ರತಿಯೊಂದು ಕಿಣ್ವವನ್ನೂ ಹೇಗೆ ಕಟ್ಟಬೇಕೆಂಬ ವಿಧಿಯು ಅದರ ಜೀನಿನಲ್ಲಿ ಬರೆದಿರುತ್ತದೆ. ಒಂದು ಜೀವಿಯ ಜೀನನ್ನು ಕತ್ತರಿಸಿ ಇನ್ನೊಂದು ಜೀವಿಯೊಳಕ್ಕೆ ಸೇರಿಸಬಹುದೆಂಬುದನ್ನು 1973ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಎಂಬ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ ತೋರಿಸಿದರು. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಬಳೆಯಾಕಾರದ ಸಣ್ಣ ಡಿ.ಎನ್.ಎ. ತುಣುಕುಗಳಿರುತ್ತವೆ. ಇವು ಪ್ಲಾಸ್ಮಿಡ್‌ಗಳು. ಬೇಕಾದ ಜೀನನ್ನು ಇಂಥ ಬಳೆಯಲ್ಲಿ ಬೆಸೆದು ಬ್ಯಾಕ್ಟೀರಿಯಾದೊಳಕ್ಕೆ ಕಳಿಸಿದರೆ ಅದು ತನ್ನದೇ ವಿಧಿಯೆಂಬಂತೆ ಅದನ್ನು ಓದಿ ಕಿಣ್ವವನ್ನು ಕಟ್ಟುತ್ತದೆ.

ಈ ಉಪಾಯವನ್ನು ಇಂಧನದ ಸಮಸ್ಯೆಗೆ ಅನ್ವಯಿಸಿದವರಲ್ಲಿ ಫ್ಲಾರಿಡಾ ವಿಶ್ವವಿದ್ಯಾನಿಲಯದ ಲಾನಿ ಇನ್‌ಗ್ರಾಮ್ ಪ್ರಮುಖರು. ಅವರು ಮಾಡಿದುದನ್ನು ನಾಲೆಯ ಹೋಲಿಕೆಯಿಂದ ತಿಳಿಯಬಹುದು. ಜೀವಕೋಶದೊಳಗೆ ಸಕ್ಕರೆಯು ಒಡೆಯುತ್ತ ಬಂದು ಪೈರುವೇಟ್ ಎಂಬ ವಸ್ತುವಾಗುತ್ತದೆ. ಇದು ದೊಡ್ಡ ನಾಲೆಯು ಹಲವು ಕಿರುಗಾಲುವೆಗಳಾಗಿ ಒಡೆಯುವ ತಾಣದಂತೆ. ಕೋಲಿಯಲ್ಲಿ ಆಮ್ಲಗಳ ಕಡೆಗೆ ಹೋಗುವ ಕಾಲುವೆಗಳು ಅಗಲವಾದವು. ಮದ್ಯಸಾರದ ಕಾಲುವೆ ಕಿರಿದು. ಝೈಮೊಮೊನಾಸಿನಲ್ಲಿ ಎರಡು ಕಿಣ್ವಗಳು ಪೈರುವೇಟನ್ನೆಲ್ಲ ಮದ್ಯಸಾರದ ಕಡೆಗೇ ಎಳೆಯುತ್ತವೆ. ಮೊದಲನೆಯದು ಪೈರುವೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸಿ ಅಸಿಟಾಲ್ಡಿಹೈಡ್ ಮಾಡುತ್ತದೆ. ಎರಡನೆಯದು ಅದಕ್ಕೆ ಜಲಜನಕವನ್ನು ಕೂಡಿಸಿ ಮದ್ಯಸಾರ ಮಾಡುತ್ತದೆ. ಇನ್‌ಗ್ರಾಮರೂ ಅವರ ಸಹೋದ್ಯೋಗಿಗಳೂ 1987ರಲ್ಲಿ ಈ ಎರಡು ಕಿಣ್ವಗಳ ಜೀನುಗಳನ್ನು ಝೈಮೊಮೊನಾಸಿನಿಂದ ತೆಗೆದು ಕೋಲಿಯೊಳಕ್ಕೆ ಸೇರಿಸಿದರು. ಹೊಸ ತೂಬು ತೆರೆದಂತಾಯಿತು. ಸಕ್ಕರೆಯ ಹರಿವು ಆಮ್ಲಗಳನ್ನು ಬಿಟ್ಟು ಮದ್ಯಸಾರದ ಕಡೆಗೆ ತಿರುಗಿತು.

ಪ್ಲಾಸ್ಮಿಡ್ ಬಳೆಗಳು ಕಾಲಕ್ರಮದಲ್ಲಿ ಕಳೆದುಹೋಗುವ ಭಯವಿರುತ್ತದೆ. ಆದುದರಿಂದ ಮುಂದೆ ಈ ಜೀನುಗಳನ್ನು ಕೋಲಿಯ ವರ್ಣತಂತುವಿನಲ್ಲಿಯೇ ಹುದುಗಿಸಿ, ಪೋಲಾಗುವ ಒಂದು ಕಾಲುವೆಯನ್ನೂ ಮುಚ್ಚಿ, ಕೆ.ಓ. 11 ಎಂಬ ತಳಿಯನ್ನು 1991ರಲ್ಲಿ ವರದಿಮಾಡಿದರು. ಅದೇ ವರ್ಷದ ಮಾರ್ಚ್ 19ರಂದು ಅಮೆರಿಕ ಸರಕಾರ ಕೊಟ್ಟ ಐವತ್ತು ಲಕ್ಷದ ಸಂಖ್ಯೆಯ ಪೇಟೆಂಟು ಈ ಬ್ಯಾಕ್ಟೀರಿಯಾಗೇ ಸಂದಿತು. ಜೀವಿಯೊಂದಕ್ಕೆ ಪೇಟೆಂಟು ದೊರೆಯಬಹುದೆಂಬ ತೀರ್ಮಾನ ಆ ದೇಶದಲ್ಲಿ ಹುಟ್ಟಿದುದು 1980ರಲ್ಲಿ, ಬಂಗಾಳದಲ್ಲಿ ಹುಟ್ಟಿದ ಆನಂದ ಚಕ್ರವರ್ತಿಯವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಮೊಕದ್ದಮೆಯಿಂದ ಎಂಬುದು ಇಲ್ಲಿ ಸ್ಮರಣೀಯ.

ಇದಕ್ಕೆ ತಿರುವುಮುರುವಾದ ಪ್ರಯೋಗವೂ ನಡೆಯಿತು. ಅಮೆರಿಕದ ಕೊಲರಾಡೋ ಪ್ರಾಂತದಲ್ಲಿರುವ ನವೀಕರಣೀಯ ಶಕ್ತಿಯ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಮಿನ್ ಝಾಂಗ್ ಮತ್ತು ಸಂಗಡಿಗರು 1995ರಲ್ಲಿ ಕೋಲಿಯ ನಾಲ್ಕು ಜೀನುಗಳನ್ನು ಝೈಮೊಮೊನಾಸಿಗೆ ಕೊಟ್ಟರು. ಅದುವರೆಗೆ ಕ್ಸೈಲೋಸನ್ನು ಮುಟ್ಟದಿದ್ದ ಅದು ತಿನ್ನತೊಡಗಿತು. ಒಂದರಿಂದ ಇನ್ನೊಂದು ಕಲಿತುದು ಹೀಗೆ. ಯೀಸ್ಟಿಗೂ ಇದೇ ವಿದ್ಯೆಯನ್ನು ಕಲಿಸುವ ಕೆಲಸದಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ನ್ಯಾನ್ಸಿ ಹೋ ಯಶಸ್ಸನ್ನು ಕಂಡರು. ನಮ್ಮ ದೇಶದಲ್ಲಿ, ದೆಹಲಿಯ ಅಂತರರಾಷ್ಟ್ರೀಯ ಜೀನ್ ಎಂಜಿನಿಯರಿಂಗ್ ಕೇಂದ್ರದ ಶಂಸ್ ಯಜ್ದಾನಿ ಮತ್ತು ಸಂಗಡಿಗರು ಬೇರೆ ದಾರಿಯನ್ನು ಹಿಡಿದರು. ಅವರು ಕೋಲಿಗೆ ಪರಕೀಯ ಜೀನುಗಳನ್ನು ತರುವುದರ ಬದಲು ಅದರದೇ ಕಾಲುವೆಗಳ ತೂಬುಗಳನ್ನು ತಿದ್ದಿ ಮದ್ಯಸಾರವನ್ನು ಹೆಚ್ಚಿಸಿದ ವರದಿಯನ್ನು 2012ರಲ್ಲಿ ಪ್ರಕಟಿಸಿದರು.

ಮದ್ಯಸಾರದ ಆಚೆ

ಬ್ಯಾಕ್ಟೀರಿಯಾಗಳಿಂದ ಪಡೆಯಬಹುದಾದ ಇಂಧನ ಎಥನಾಲ್ ಒಂದೇ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿನ ತಯಾರಿಕೆಗೆ ಅಸಿಟೋನ್ ಎಂಬ ದ್ರವ ಅಪಾರವಾಗಿ ಬೇಕಾದಾಗ, ಇಂಗ್ಲೆಂಡಿನಲ್ಲಿದ್ದ ಖೈಮ್ ವೈಜ್‌ಮನ್ನರು ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾದಿಂದ ಮುಸುಕಿನ ಜೋಳವನ್ನು ಹುದುಗಿಸಿ ಅದನ್ನು ಪಡೆದರು. ಅಸಿಟೋನಿನ ಜೊತೆಗೆ ಬ್ಯುಟನಾಲ್ ಎಂಬ ಇನ್ನೊಂದು ಆಲ್ಕೊಹಾಲೂ ಹುಟ್ಟುತ್ತಿತ್ತು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಗಿಲ್ಬರ್ಟ್ ಫೌಲರ್ ಮತ್ತು ಸಹಾಯಕರು ನಮ್ಮ ನಾಡಿನ ಹಿಪ್ಪೆಯ ಹೂವನ್ನು ಹುದುಗಿಸಿ ಅಸಿಟೋನ್ ಪಡೆಯುವ ಸಂಶೋಧನೆಯನ್ನು ನಡೆಸಿದರು. ಸೂಕ್ಷ್ಮಜೀವಿಗಳ ಕೈಗಾರಿಕೆಯಲ್ಲಿ ಕನ್ನಡ ನಾಡು ನಿನ್ನೆ ಮೊನ್ನೆ ಕಣ್ಣು ತೆರೆದುದಲ್ಲ.

ಬ್ಯುಟನಾಲ್ ಜಾತಿಯ ಆಲ್ಕೊಹಾಲುಗಳು ನೀರಿನೊಡನೆ ಸುಲಭವಾಗಿ ಬೆರೆಯವು. ಶಾಖದಲ್ಲಿ ಎಥನಾಲಿಗಿಂತ ಪೆಟ್ರೋಲಿಗೆ ಹತ್ತಿರ. ಕ್ಯಾಲಿಫೋರ್ನಿಯದ ಜೇಮ್ಸ್ ಲಿಯಾವೊ ಮತ್ತು ಸಂಗಡಿಗರು 2008ರಲ್ಲಿ, ಕೋಲಿಯು ತನ್ನ ಪ್ರೋಟೀನುಗಳಿಗೆ ಬೇಕಾದ ಅಮೈನೋ ಆಮ್ಲಗಳನ್ನು ಕಟ್ಟುವ ದಾರಿಯನ್ನೇ ನಡುವಿನಲ್ಲಿ ಒಡೆದು, ಐಸೊಬ್ಯುಟನಾಲಿನ ಕಡೆಗೆ ತಿರುಗಿಸಿದರು. 2010ರಲ್ಲಿ ಅದೇ ಪ್ರಾಂತದ ಜೇ ಕೀಸ್ಲಿಂಗ್ ಮತ್ತು ಸಹೋದ್ಯೋಗಿಗಳು ಡೀಸೆಲಿನಂತೆ ಉರಿಯುವ ಕೊಬ್ಬಿನ ಎಸ್ಟರುಗಳನ್ನು ಕೋಲಿಯಿಂದಲೇ ಪಡೆದರು. ಸಕ್ಕರೆಯನ್ನು ಮುಟ್ಟದೆ ಅನಿಲವನ್ನು ಉಂಡು ಮದ್ಯಸಾರ ಮಾಡುವ ಬ್ಯಾಕ್ಟೀರಿಯಾವೂ ಇದೆ. ಮೊಲದ ಹಿಕ್ಕೆಯಲ್ಲಿ ದೊರೆತ ಅಂಥದೊಂದು ಜೀವಿಯನ್ನು ಬಳಸಿ, ಉಕ್ಕಿನ ಕುಲುಮೆಯ ಹೊಗೆಯಿಂದ ಎಥನಾಲ್ ತಯಾರಿಸುವ ಕಾರ್ಖಾನೆ 2018ರಲ್ಲಿ ಚೀನಾದಲ್ಲಿ ಕೆಲಸ ಆರಂಭಿಸಿತು.

ಪ್ರಯೋಗಾಲಯದಿಂದ ಕಾರ್ಖಾನೆಗೆ

ಇಷ್ಟೆಲ್ಲ ಸಾಧಿಸಿದ ಮೇಲೂ ಸಿಪ್ಪೆಯ ಇಂಧನ ಎಲ್ಲೆಡೆಯೂ ಹರಿಯದಿರುವುದೇಕೆ? ಗಾಜಿನ ಕುಪ್ಪಿಗೂ ಕಾರ್ಖಾನೆಯ ತೊಟ್ಟಿಗೂ ಇರುವ ಅಂತರವೇ ಇದಕ್ಕೆ ಕಾರಣ.

ಮೊದಲನೆಯದಾಗಿ, ಸಿಪ್ಪೆಯ ಕೋಟೆ ಸುಲಭವಾಗಿ ಒಡೆಯದು. ಅದನ್ನು ಆಮ್ಲದೊಡನೆ ಬಿಸಿ ಹಬೆಯ ಒತ್ತಡದಲ್ಲಿ ಬೇಯಿಸಬೇಕು. ಆಗ ಹೆಮಿಸೆಲ್ಯುಲೋಸು ಕರಗಿ ಕ್ಸೈಲೋಸು ಹೊರಬರುವುದಾದರೂ, ಶಾಖ ಹೆಚ್ಚಾದರೆ ಅದೇ ಸಕ್ಕರೆ ಫರ್‌ಫ್ಯೂರಾಲ್ ಎಂಬ ವಿಷವಾಗುತ್ತದೆ. ಅಸಿಟಿಕ್ ಆಮ್ಲವೂ ಕೂಡುತ್ತದೆ. ಇವು ಬ್ಯಾಕ್ಟೀರಿಯಾಗಳನ್ನು ಕುಗ್ಗಿಸುತ್ತವೆ. ಎರಡನೆಯದಾಗಿ, ಸೆಲ್ಯುಲೋಸಿನ ಸರಪಣಿಯನ್ನು ಕತ್ತರಿಸುವ ಕಿಣ್ವಗಳನ್ನು ಬೇರೆಯಾಗಿ ತಯಾರಿಸಿ ಹಾಕಬೇಕು. ಅದರ ಬೆಲೆ ಕಡಿಮೆಯಲ್ಲ. ಮೂರನೆಯದಾಗಿ, ಯೀಸ್ಟು ನೂರಕ್ಕೆ ಹತ್ತಕ್ಕಿಂತ ಹೆಚ್ಚಿನ ಮದ್ಯಸಾರವನ್ನು ಸಹಿಸಿಕೊಂಡರೆ, ಕೋಲಿಯು ಅದರ ಅರ್ಧದಷ್ಟಕ್ಕೇ ಬಳಲುತ್ತದೆ. ರಸ ತೆಳ್ಳಗಿದ್ದಷ್ಟೂ ಭಟ್ಟಿಗೆ ಹೆಚ್ಚು ಉರುವಲು ಬೇಕು. ನಾಲ್ಕನೆಯದಾಗಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳು ತೊಟ್ಟಿಯೊಳಗೆ ನುಗ್ಗಿದರೆ ಕೆಲವೇ ಗಂಟೆಗಳಲ್ಲಿ ಇಡೀ ಪೈರೇ ನಾಶವಾಗಬಹುದು. ಯೀಸ್ಟಿಗೆ ಈ ಕಂಟಕ ಇಲ್ಲ.

ಆದರೂ ಪ್ರಯತ್ನಗಳು ನಡೆದಿವೆ. ಜಪಾನಿನ ಒಸಾಕದ ಸಮೀಪದ ಸಕಾಯಿಯಲ್ಲಿ 2007ರಲ್ಲಿ ಇನ್‌ಗ್ರಾಮರ ಬ್ಯಾಕ್ಟೀರಿಯಾದಿಂದ ಹಳೆಯ ಕಟ್ಟಡಗಳ ಮರವನ್ನು ಹುದುಗಿಸುವ ಕಾರ್ಖಾನೆ ತೆರೆಯಿತು. ಅಮೆರಿಕದ ಅಯೋವಾ ಪ್ರಾಂತದಲ್ಲಿ ಡ್ಯುಪಾಂಟ್ ಕಂಪೆನಿಯು ಜೀನುಗಳನ್ನು ತಿದ್ದಿದ ಝೈಮೊಮೊನಾಸನ್ನು ನಂಬಿ, ಜೋಳದ ದಂಟಿನಿಂದ ಎಥನಾಲ್ ತೆಗೆಯುವ ಭಾರಿ ಕಾರ್ಖಾನೆಯನ್ನು 2015ರಲ್ಲಿ ತೆರೆಯಿತು. ಎರಡೇ ವರ್ಷಗಳಲ್ಲಿ ಕೈಬಿಡಲು ನಿರ್ಧರಿಸಿತು. ಬ್ರೆಜಿಲಿನ ಪಿರಸಿಕಾಬಾದಲ್ಲಿ ಕಬ್ಬಿನ ಸಿಪ್ಪೆಯಿಂದಲೇ ಎಥನಾಲ್ ತಯಾರಿಸುವ ಕೆಲಸ ನಡೆಯಿತು. ಅಲ್ಲಿ ದುಡಿದುದು ತಿದ್ದಿದ ಯೀಸ್ಟು. ನಮ್ಮ ದೇಶದ ಪಾಣಿಪತ್ತಿನಲ್ಲಿ ಬತ್ತದ ಹುಲ್ಲಿನಿಂದ ದಿನಕ್ಕೆ ಒಂದು ಲಕ್ಷ ಲೀಟರು ಎಥನಾಲ್ ತಯಾರಿಸುವ ಸಾಮರ್ಥ್ಯದ ಕಾರ್ಖಾನೆಯನ್ನು 2022ರ ಆಗಸ್ಟಿನಲ್ಲಿ ದೇಶಕ್ಕೆ ಸಮರ್ಪಿಸಲಾಯಿತು. ಕಬ್ಬಿನ ಸೀಮೆಯ ನಮ್ಮ ಭಟ್ಟಿಗಳಲ್ಲಿ ಕಾಕಂಬಿಯನ್ನು ಹುದುಗಿಸುತ್ತಿರುವುದು ಇಂದಿಗೂ ಯೀಸ್ಟೇ.

ತಿದ್ದಿದ ಜೀವಿಗಳು ತೊಟ್ಟಿಯಿಂದ ಹೊರಬಿದ್ದರೆ ಹಾನಿಯಾಗದೆ ಎಂದು ಕೆಲವರು ಶಂಕಿಸುವುದು ಸಹಜ. ಸಕ್ಕರೆಯನ್ನೆಲ್ಲ ಮದ್ಯಸಾರಕ್ಕೆ ತೆತ್ತು ಬಾಳುವ ಬ್ಯಾಕ್ಟೀರಿಯಾ, ಹೊರಗಿನ ಸ್ಪರ್ಧೆಯಲ್ಲಿ ತನ್ನ ಕಾಡುಬಂಧುಗಳೆದುರು ಸೋಲುವ ಸಂಭವವೇ ಹೆಚ್ಚು. ಪ್ರಯೋಗಗಳಲ್ಲಿ ಬಳಸುವ ತಳಿಗಳೂ ರೋಗಕಾರಕವಲ್ಲದವು. ಹುದುಗಿದ ರಸ ಭಟ್ಟಿಯಲ್ಲಿ ಕುದಿಯುವಾಗ ಜೀವಕೋಶಗಳು ಸಾಯುತ್ತವೆ. ಆದರೂ ಎಚ್ಚರಿಕೆ ಬಿಡತಕ್ಕದ್ದಲ್ಲ. ನಮ್ಮ ದೇಶದಲ್ಲಿ ಇಂಥ ಜೀವಿಗಳ ತಯಾರಿಕೆ ಮತ್ತು ಉಪಯೋಗಗಳಿಗೆ 1986ರ ಪರಿಸರ ಸಂರಕ್ಷಣಾ ಶಾಸನದ ಅಡಿಯಲ್ಲಿ 1989ರಲ್ಲಿ ನಿಯಮಗಳನ್ನು ಮಾಡಲಾಗಿದೆ. ಅವುಗಳ ಪ್ರಕಾರ ಪರಿಶೀಲನೆಯಾಗದೆ ಯಾವ ಕಾರ್ಖಾನೆಯೂ ಇವನ್ನು ಬಳಸುವಂತಿಲ್ಲ.

ರೈತನ ಅಂಗಳದಲ್ಲಿ ನಿಂತು ನೋಡಿದರೆ

ಸಿಪ್ಪೆಯನ್ನು ಕಸವೆಂದು ಕರೆಯುವುದು ಪಟ್ಟಣದವರ ಮಾತು. ಮಂಡ್ಯದ ಸೀಮೆಯ ಆಲೆಮನೆಗೆ ಹೋಗಿ ನೋಡಿದವರು ಹಾಗೆನ್ನಲಾರರು. ಕೊಪ್ಪರಿಗೆಯ ಕೆಳಗೆ ಉರಿಯುವುದು ಒಣಗಿದ ಸಿಪ್ಪೆಯೇ, ಅದಿಲ್ಲದೆ ಬೆಲ್ಲವಿಲ್ಲ. ಸಕ್ಕರೆ ಕಾರ್ಖಾನೆಯ ಬಾಯ್ಲರುಗಳಿಗೂ ಅದೇ ಉರುವಲು. ಹೆಚ್ಚಾದ ಹಬೆಯಿಂದ ವಿದ್ಯುತ್ತನ್ನು ಹುಟ್ಟಿಸಿ ಮಾರುವುದೂ ಉಂಟು. ಬತ್ತದ ಹುಲ್ಲು, ರಾಗಿಯ ಹುಲ್ಲು ದನಗಳ ಮೇವು. ಕಬ್ಬಿನ ಸೋಗೆಯೂ ಹಟ್ಟಿಯನ್ನು ಸೇರುತ್ತದೆ. ನಿಜವಾಗಿ ಸುಟ್ಟು ಬೂದಿಯಾಗುವುದು ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯುವ ತರಗು. ಅದರಲ್ಲಿಯೂ ಒಂದು ಪಾಲನ್ನು ನೆಲಕ್ಕೆ ಹೊದಿಸಿದರೆ ತೇವ ಉಳಿದು, ಕೊಳೆತು ಗೊಬ್ಬರವಾಗುತ್ತದೆ. ಆದುದರಿಂದ ಇ೦ಧನದ ಕಾರ್ಖಾನೆ ಬಂದರೆ ಅದು ಯಾರ ಪಾಲನ್ನೂ ಕಸಿದುಕೊಳ್ಳದೆ ಸುಡುವ ತರಗನ್ನು ಮೊದಲು ಕೊಳ್ಳಬೇಕು. ಕೊಂಡುದಕ್ಕೆ ಬೆಲೆಯನ್ನು ಕೊಡಬೇಕು. ಸಿಪ್ಪೆಯನ್ನು ಹುದುಗಿಸಿದ ಬಳಿಕ ಉಳಿಯುವ ಲಿಗ್ನಿನ್ ಚೆನ್ನಾಗಿ ಉರಿಯುವುದರಿಂದ ಬಾಯ್ಲರಿನ ಕೊರತೆಯಲ್ಲಿ ಒಂದಂಶವನ್ನು ಅದು ತುಂಬಿಕೊಡಬಲ್ಲದು.

ನೀರಿನ ಮಾತನ್ನೂ ಮರೆಯುವಂತಿಲ್ಲ. ಕಬ್ಬು ವರ್ಷವಿಡೀ ನೀರನ್ನು ಬೇಡುವ ಬೆಳೆ. 2023ರಲ್ಲಿ ಮಳೆ ಕೈಕೊಟ್ಟಾಗ ಕಾವೇರಿಯ ಬಯಲಿನಲ್ಲಿ ಎಂಥ ಕಳವಳ ಹಬ್ಬಿತೆಂಬುದು ಮಂಡ್ಯದವರಿಗೆ ನೆನಪಿದೆ. ಆ ವರ್ಷದ ಡಿಸೆಂಬರಿನಲ್ಲಿ, ಸಕ್ಕರೆಯ ಕೊರತೆಯಾದೀತೆಂಬ ಭಯದಿಂದ, ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ತಯಾರಿಸುವುದನ್ನು ಸರಕಾರವೇ ತಡೆಹಿಡಿಯಬೇಕಾಯಿತು. ಆಗ ಕಾರ್ಖಾನೆಗಳು ಮುಸುಕಿನ ಜೋಳದ ಕಡೆಗೆ ತಿರುಗಿದುವು. ಕೋಳಿ ಸಾಕುವವರು ಜೋಳದ ಬೆಲೆ ಏರಿತೆಂದು ದೂರಿದರು. ಒಂದು ಹೊಟ್ಟೆಯಿಂದ ತೆಗೆದು ಇನ್ನೊಂದನ್ನು ತುಂಬುವ ಈ ಆಟಕ್ಕೆ ಕೊನೆಯಿಲ್ಲ. ಇದೇ ನೀರು, ಇದೇ ನೆಲ, ಇದೇ ಗೊಬ್ಬರದಿಂದ ಬೆಳೆದ ಕಬ್ಬಿನ ದಂಟು ಸಕ್ಕರೆಯನ್ನೂ ಕೊಟ್ಟು, ತಿನ್ನಲಾಗದ ಭಾಗದಿಂದ ಇಂಧನವನ್ನೂ ಕೊಟ್ಟರೆ, ಒಂದು ಹನಿ ಹೆಚ್ಚು ನೀರನ್ನು ಗದ್ದೆಗೆ ಹಾಯಿಸದೆ ಎರಡು ಫಲ ಬಂದಂತಾಗುವುದು. ಬದಲಾದ ಬ್ಯಾಕ್ಟೀರಿಯಾಗಳ ನಿಜವಾದ ಬೆಲೆ ಇರುವುದು ಇಲ್ಲಿ.

ಭಟ್ಟಿಯಿಂದ ಹೊರಬೀಳುವ ಕೊಳೆನೀರಿನ ವಿಷಯವೂ ಇದೆ. ಕಾಕಂಬಿಯಿಂದ ಒಂದು ಲೀಟರು ಮದ್ಯಸಾರವನ್ನು ಇಳಿಸಿದರೆ ಹತ್ತರಿಂದ ಹದಿನೈದು ಲೀಟರು ಕಂದುಬಣ್ಣದ ದ್ರವ ಉಳಿಯುತ್ತದೆ. ಅದನ್ನು ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕವೆಲ್ಲ ತೀರಿ ಮೀನುಗಳು ಸಾಯುತ್ತವೆ. ಇದನ್ನು ಸರಿಪಡಿಸುವ ಕೆಲಸವೂ ಬ್ಯಾಕ್ಟೀರಿಯಾಗಳದೇ: ಗಾಳಿಯಿಲ್ಲದ ತೊಟ್ಟಿಯಲ್ಲಿ ಮೀಥೇನ್ ಹುಟ್ಟಿಸುವ ಜೀವಿಗಳು ಅದನ್ನು ಉಂಡು ಉರಿಯುವ ಅನಿಲವನ್ನು ಕೊಡುತ್ತವೆ. ಹೊಸ ಇಂಧನ ಶಿಂಷಾ ಹೊಳೆಯನ್ನು ಕೆಡಿಸಿ ಬರುವುದಾದರೆ ಅದು ಮದ್ದೂರಿನ ಜನಕ್ಕೆ ಲಾಭವಲ್ಲ.

ಜೀನುಗಳನ್ನು ತಿದ್ದಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಪವಾಡಗಳನ್ನು ಮಾಡಲಾರದು. ನಾಲ್ಕು ದಶಕಗಳ ದುಡಿಮೆ ಅದಕ್ಕೆ ಕ್ಸೈಲೋಸನ್ನು ತಿನ್ನಲು, ಆಮ್ಲವನ್ನು ಬಿಡಲು ಕಲಿಸಿದೆ. ವಿಷವನ್ನು ಸಹಿಸಲು, ಅಗ್ಗವಾಗಿ ದುಡಿಯಲು ಕಲಿಸುವುದು ಇನ್ನೂ ಉಳಿದಿದೆ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಕಬ್ಬಿನ ತಳಿಯನ್ನು ತಿದ್ದುವವರೂ, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ತಳಿಯನ್ನು ತಿದ್ದುವವರೂ ಮಾಡುತ್ತಿರುವುದು ಒಂದೇ ಬಗೆಯ ಕೆಲಸ. ಕಬ್ಬಿನ ಹೊಸ ತಳಿಯನ್ನು ರೈತನು ಒಪ್ಪಿಕೊಳ್ಳುವುದು ಅದರ ಹೆಸರನ್ನು ಕೇಳಿ ಅಲ್ಲ. ಎಕರೆಗೆ ಎಷ್ಟು ಟನ್ನು, ನೀರು ಎಷ್ಟು, ಕೂಳೆ ಹೇಗೆ ಬರುತ್ತದೆ ಎಂಬುದನ್ನು ನೋಡಿ. ಬ್ಯಾಕ್ಟೀರಿಯಾದ ಹೊಸ ತಳಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು: ಲೀಟರಿಗೆ ಎಷ್ಟು ಉರುವಲು, ಎಷ್ಟು ನೀರು, ತರಗಿಗೆ ರೈತನ ಕೈಗೆ ಎಷ್ಟು ಹಣ.